ಹ್ಯಾಲೋವೀನ್ ಚಾಕ್ಲೇಟಿಗಲ್ಲ, ರಸ್ತೆಗೆ ಹೆದರ್ರಿ

ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡಿಂದ ಈ ವರ್ಷ ಹೊಸದಾಗಿ ಅಮೆರಿಕಾಕ್ಕ ಬಂದೀರಲ್ಲ, ನಿಮಗ ಬರೀಲಿಕತ್ತೀನಿ. ಅಕ್ಟೋಬರ್ ಬಂತಂದ್ರ ಸಾಕು ಎಲ್ಲಾರದೂ ಒಂದ ಪ್ರಶ್ನೆ, "ಅಣ್ಣಾರ, 31ಕ್ಕ ಹ್ಯಾಲೋವೀನ್ ಹಬ್ಬಕ್ಕ ವೇಷ ಹಾಕಿಸಿ ಮನಿ ಮನಿಗೆ ಚಾಕ್ಲೇಟ್ ಇಸ್ಕೊಂಡು ಬರಾಕ ಹುಡುಗ್ರನ್ನ ಕಳಸೋದೋ ಬ್ಯಾಡೋ, ಚಾಕ್ಲೇಟ್‌ನ್ಯಾಗ ಬ್ಲೇಡ್ ಇಟ್ಟಿರ್ತಾರಂತ, ವಿಷ ಹಾಕಿರ್ತಾರಂತ." ಅದರ ಮ್ಯಾಲ ಊರಿಂದ ಅವ್ವನ ಫೋನ್ ಬ್ಯಾರೆ. ಹುಬ್ಬಳ್ಳಿಯ ದುರ್ಗದ ಬೈಲ್ ಪ್ಯಾಟ್ಯಾಗ ಕೈ ಹಿಡಕೊಂಡು ಹೋಗುವಾಗ "ಯಾರರ ಪೆಪ್ಪರಮಿಂಟ್ ಕೊಟ್ರ ತಗೋಬ್ಯಾಡ, ಚೀಲದಾಗ ಹಾಕ್ಕೊಂಡು ಹೊಕ್ಕಾರ" ಅಂತ ಹೇಳಿಸಿಕೊಂಡು ಬೆಳದ ಮಂದಿ ನಾವು, ಈಗ ಗುರ್ತಿಲ್ಲದವರ ಬಾಗಲಾ ಬಡದು ಚಾಕ್ಲೇಟ್ ಇಸ್ಕೊಂಡು ಬಾ ಅಂತ ನಾವ ಕಳಸಬೇಕಂದ್ರ ಎದಿ ಝಲ್ ಅಂತೈತಿ, ಖರೇ.

ಆದ್ರೂ ಕಳಸ್ರಿ. ದಸರಾಕ್ಕ ಬನ್ನಿ ಹಿಡಕೊಂಡು ಓಣಿ ತುಂಬ ಅಡ್ಡಾಡತಿದ್ವಲ್ಲ, ಸಂಕ್ರಮಣಕ್ಕ ಕುಸುರೆಳ್ಳು ಕೊಟ್ಟು ಬರ್ತಿದ್ವಲ್ಲ, ಇದೂ ಹಂಗ, ವೇಷ ಒಂದ ಹೆಚ್ಚು.

ಡೆಲವೇರ್ ಯೂನಿವರ್ಸಿಟಿಯ ಸಮಾಜಶಾಸ್ತ್ರದ ಪ್ರೊಫೆಸರ್ ಜೋಯಲ್ ಬೆಸ್ಟ್ 1958ರಿಂದ ಈಚಿನ ಇಂಥ ಸುದ್ದಿ ಎಲ್ಲಾ ಜಾಲಾಡ್ಯಾರ, ಗುರ್ತಿಲ್ಲದವರು ಮನಿ ಬಾಗಲಾಗ ಕೊಟ್ಟ ತಿನಿಸು ತಿಂದು ಮಗು ಸತ್ತದ್ದು ಅವರಿಗೆ ಒಂದೂ ಸಿಕ್ಕಿಲ್ಲ. 1974ರಾಗ ಟೆಕ್ಸಸ್‌ನ್ಯಾಗ 8 ವರ್ಷದ ಹುಡುಗ ಸಯನೈಡ್ ಹಾಕಿದ ಕ್ಯಾಂಡಿ ತಿಂದು ಸತ್ತಿದ್ದ, ಆದ್ರ ಹಾಕಿದಾವ ಹಡೆದಪ್ಪನ, ಇನ್ಶುರೆನ್ಸ್ ರೊಕ್ಕದ ಆಸೆಕ್ಕ, 1984ರಾಗ ಅವಗ ಮರಣದಂಡನೆ ಆತು. 1982ರಾಗ ಶಿಕಾಗೋ ಕಡೆ ಟೈಲೆನಾಲ್ ಅನ್ನೋ ನೋವಿನ ಗುಳಿಗಿಯೊಳಗ ಯಾರೋ ಸಯನೈಡ್ ಬೆರಸಿ 7 ಮಂದಿ ಹೋದ್ರು, ಅದಕ್ಕೂ ಹ್ಯಾಲೋವೀನಿಗೂ ಸಂಬಂಧ ಇಲ್ಲ, ಆದ್ರ ಒಂದ ತಿಂಗಳಿಗೆ ಹಬ್ಬ ಬಂತು ನೋಡ್ರಿ, ಹೆದರಿಕಿ ಬೆಂಕಿಗತೆ ಹಬ್ಬಿತು. ಆಮ್ಯಾಲ ಕೆಲವು ದವಾಖಾನಿಯಾಗ ಚಾಕ್ಲೇಟ್ ಚೀಲಕ್ಕ ಎಕ್ಸ್‌ರೇ ತಗದ್ರಂತ, ಎಕ್ಸ್‌ರೇದಾಗ ವಿಷ ಎಲ್ಲಿ ಕಾಣಬೇಕು!

ಹೆದರಿಕಿ ಏನ ಮಾಡ್ತೈತಿ ಅಂತ ನಮಗ ಯಾರೂ ಹೇಳಬೇಕಾಗಿಲ್ಲ. 2018ರ ಜುಲೈದಾಗ ಬೀದರ ಜಿಲ್ಲೆಯಾಗ ಕಾರಿನ್ಯಾಗ ಬಂದವರು ಹುಡುಗ್ರಿಗೆ ಪ್ರೀತಿಲೆ ಚಾಕ್ಲೇಟ್ ಕೊಟ್ರು, ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನ್ಯಾಗ ಸುದ್ದಿ ಓಡಿ, ಮಂದಿ ಕೂಡಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನ್ನ ಹೊಡದು ಕೊಂದಬಿಟ್ರು. ಗ್ರೂಪಿನ್ಯಾಗ ಬ್ಲೇಡ್ ಫೋಟೋ ಫಾರ್ವರ್ಡ್ ಮಾಡೋ ಮುಂದ ಇದನ್ನ ನೆನಸ್ರಿ.

ಖರೇ ಅಪಾಯ ರಸ್ತೆದಾಗ ಐತಿ. 1975ರಿಂದ 2016ರ ತನಕದ ಲೆಕ್ಕಾ ಹಾಕಿ ನೋಡ್ಯಾರ, ಹ್ಯಾಲೋವೀನ್ ಸಂಜಿಗೆ ನಡಕೊಂಡು ಹೋಗವ್ರು ಗಾಡಿ ಬಡದು ಸಾಯೋ ಅಪಾಯ ಹಿಂದಿನ ಮುಂದಿನ ವಾರದ ಅದ ದಿನಕ್ಕಿಂತ 43% ಹೆಚ್ಚು, 4ರಿಂದ 8 ವರ್ಷದ ಹುಡುಗ್ರಿಗಂತೂ ಹತ್ತು ಪಟ್ಟು. ಕರೀ ವೇಷ ಹಾಕೊಂಡು ಕತ್ತಲದಾಗ ಓಡತಾವು, ಅದಕ್ಕ ಬೆನ್ನಿಗೆ ಹೊಳೆಯೋ ಟೇಪ್ ಹಚ್ಚ್ರಿ, ಕೈಯಾಗ ಬ್ಯಾಟರಿ ಕೊಡ್ರಿ, ನೀವೂ ಹಿಂದ ನಡೀರಿ. ಬಾಗಲಾ ಮುಂದಿನ ಲೈಟ್ ಹಚ್ಚಿದ ಮನಿಗೆ ಅಷ್ಟ ಹೋಗಬೇಕು, ಲೈಟ್ ಆರಿಸ್ಯಾರ ಅಂದ್ರ ಕೊಡಂಗಿಲ್ಲ ಅಂತ ಅರ್ಥ.

ಮನಿಗೆ ಬಂದ ಮ್ಯಾಲ ಚೀಲಾ ನೆಲದ ಮ್ಯಾಲ ಸುರುವಿ ನೋಡ್ರಿ. ಕವರ್ ಹರದದ್ದು ಒಗೀರಿ. 4 ವರ್ಷದ ಒಳಗಿನವಕ್ಕ ಗಟ್ಟಿ ಕ್ಯಾಂಡಿ, ಚೂಯಿಂಗ್ ಗಮ್, ಇಡೀ ಶೇಂಗಾ ಬ್ಯಾಡ, ಗಂಟಲಾಗ ಸಿಗತಾವು. ಶಾಕಾಹಾರಿ ಇದ್ರ ಮಾರ್ಷ್‌ಮ್ಯಾಲೋ, ಕ್ಯಾಂಡಿ ಕಾರ್ನ್, ಸ್ಟಾರ್‌ಬರ್ಸ್ಟ್ ತಗದಿಡ್ರಿ, ಜೆಲಾಟಿನ್ ಇರ್ತೈತಿ, ಅಂದ್ರ ದನದ್ದೋ ಹಂದಿದೋ ಚರ್ಮಾ ಎಲುಬು ಕುದಿಸಿ ತಗದದ್ದು (ನಮ್ಮ ಮನ್ಯಾಗ ಇದು ತಿಳಿಯೋದ್ರಾಗ ಮೂರು ವರ್ಷ ತಿಂದಾಗಿತ್ತು, ಅವ್ವಗ ಇನ್ನೂ ಹೇಳಿಲ್ಲ). ಏನರ ಅನುಮಾನ ಬಂದ್ರ ವಿಷದ ಬಗ್ಗೆ ಸಲಹಾ ಕೊಡೋ ಪಾಯಿಸನ್ ಕಂಟ್ರೋಲ್ ನಂಬರ್ 1-800-222-1222, ರಾತ್ರಿ ಹಗಲು ಎತ್ತತಾರ, ರೊಕ್ಕಾ ಕೊಡಬೇಕಾಗಿಲ್ಲ.

ಇನ್ನ ನೀವು ಕೊಡೋದು. ನಮ್ಮ ಮೊದಲನೇ ವರ್ಷ ನಮ್ಮಾಕಿ ಮುಂಜಾನಿಂದ ಕುಂತು ಶೇಂಗಾ ಉಂಡಿ ಕಟ್ಟಿ, ಕಾಗದದಾಗ ಸುತ್ತಿ ಬಂದ ಹುಡುಗ್ರಿಗೆಲ್ಲಾ ಹಂಚಿದ್ಲು. ಮರುದಿನ ಬಾಜೂ ಮನಿ ಅಜ್ಜಿ ಬಂದು ಸಾವಕಾಶ ಹೇಳಿದ್ರು, ಇಲ್ಲೆ ಭಾಳ ಹುಡುಗ್ರಿಗೆ ಶೇಂಗಾ ಅಲರ್ಜಿ, ಜೀವಕ್ಕ ಬರ್ತೈತಿ, ಮ್ಯಾಲ ಮನ್ಯಾಗ ಮಾಡಿದ್ದು ಯಾರೂ ತಿನ್ನಿಸಂಗಿಲ್ಲವಾ ಅಂತ. ನಾವು ಓಣಿಗೆ ಹೆದರಿ ಕುಂತಿದ್ವಿ, ಓಣಿ ನಮ್ಮ ಉಂಡಿಗೆ ಹೆದರಿತ್ತು. ಈಗ ಸೀಲ್ ಇದ್ದ ಪಾಕೀಟ ಕೊಡ್ತೀವಿ, ಪೆನ್ಸಿಲ್ಲು ಸ್ಟಿಕ್ಕರ್ರೂ ಇಟ್ಟು ಬಾಗಲಾಗ ನೀಲಿ-ಹಸರು ಬಣ್ಣದ ಕುಂಬಳಕಾಯಿ ಇಡತೀವಿ, ಅಲರ್ಜಿ ಇದ್ದ ಹುಡುಗ್ರಿಗೆ ಇಲ್ಲೆ ತಿನ್ನೋದಲ್ಲದ್ದೂ ಸಿಗತೈತಿ ಅಂತ ಅದರ ಗುರ್ತು. ನಮ್ಮಾಕಿ ಉಂಡಿ ಬಿಟ್ಟಿಲ್ಲ, ಮರುದಿನ ನವೆಂಬರ್ 1 ಅಲ್ಲ, ರಾಜ್ಯೋತ್ಸವಕ್ಕ ಡಬ್ಬಿ ತುಂಬ ತರ್ತಾಳ, ಬರ್ರಿ.