ಎಲ್ಲದಕ್ಕೂ ‘ಹ್ಞೂಂ’ ಅಂದರೆ ಮೂರು ಅಂಕ: ನನ್ನ ಆಟಿಸಂ ಸ್ಕ್ರೀನಿಂಗ್ ಅನುಭವ

ಅಂಗನವಾಡಿ ಚಾಪೆ ಮೇಲೆ ಕೂತು ಆಟಿಸಂ ಸ್ಕ್ರೀನಿಂಗ್, ಅಂದರೆ ಪುಟ್ಟ ಮಕ್ಕಳಲ್ಲಿ ಸ್ವಲೀನತೆಯ ಲಕ್ಷಣ ಇದೆಯಾ ಅಂತ ಮೊದಲ ತಪಾಸಣೆ, ಮಾಡ್ತೀನಿ ಅಂದಾಗ ನಕ್ಕವರೇ ಈಗ ‘ನಿಮ್ಮ ಪ್ರಶ್ನೆ ಕಳಿಸಿ ಮೇಡಂ’ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆದೆ.

ಮೊದಲು ಮಾಡಿದ್ದೆಲ್ಲ ದಂಡ. ಎಚ್.ಡಿ. ಕೋಟೆ ಕಡೆ ಶಾಮಿಯಾನ ಹಾಕಿಸಿ ಕ್ಯಾಂಪ್ ಮಾಡಿದೆ, ಹನ್ನೊಂದು ಸಾವಿರದ ಹತ್ತಿರ ಕೈಬಿಟ್ಟಿತು. ಮೈಕ್ ಸದ್ದಿಗೆ ಮಕ್ಕಳೆಲ್ಲ ಅಳು. ಆಮೇಲೆ ಎಂ-ಚಾಟ್-ಆರ್ ಅನ್ನೋ, ಹೆತ್ತವರಿಗೆ ಕೇಳುವ ಪಟ್ಟಿಯ 20 ಪ್ರಶ್ನೆ ಓದಿ ಹೌದು-ಇಲ್ಲ ಬರೆದುಕೊಂಡೆ. ತಾಯಂದಿರು ಎಲ್ಲದಕ್ಕೂ ‘ಹ್ಞೂಂ’. ಅದರಲ್ಲಿ ಅಂಕ ಅಂದ್ರೆ ಅನುಮಾನ. ಉಳಿದವಕ್ಕೆ ಇಲ್ಲ ಅಂದರೆ ಅಂಕ, 2, 5, 12ಕ್ಕೆ ಮಾತ್ರ ಹೌದು ಅಂದ್ರೇನೇ ಅಂಕ, ಹಾಗಾಗಿ ತಾಯಿ ಎಲ್ಲದಕ್ಕೂ ಹ್ಞೂಂ ಅಂದ ಪ್ರತಿ ಮಗುವಿಗೂ ಸರಿಯಾಗಿ ಮೂರು. ಮೂರು ಬಂದರೆ ಮತ್ತೆ ವಿಚಾರಿಸಬೇಕು. ಇಡೀ ಊರಿಗೇ ಫಾಲೋ-ಅಪ್!

‘ಬೆರಳು ಮಾಡಿ ತೋರಿಸ್ತದೆ’ ಅಂದಿದ್ದರು ಒಬ್ಬ ತಾಯಿ. ಮನೆಗೆ ಹೋಗಿ ನೋಡಿದರೆ ಹುಡುಗ ಅಮ್ಮನ ಮಣಿಕಟ್ಟು ಹಿಡಿದು ಬಿಂದಿಗೆ ತನಕ ಎಳೆದುಕೊಂಡು ಹೋದ, ಮುಖ ಮಾತ್ರ ನೋಡಲೇ ಇಲ್ಲ. ಅವತ್ತೇ ಹೌದು-ಇಲ್ಲ ಬಿಟ್ಟೆ. ‘ಊಟ ಮಾಡಿಸುವಾಗ ಚಂದಮಾಮನ್ನ ತೋರಿಸ್ತೀರಲ್ಲ, ಆಗ ಏನು ನೋಡ್ತಾನೆ?’ ಅಂತ ಕೇಳಿದೆ. ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತುತ್ತು ನೋಡ್ತಾನೆ ಮೇಡಂ’ ಅಂದರು.

ಹೆಸರು ಕರೆದರೆ ಮಗು ತಿರುಗುತ್ತಾ ಅಂತ ನೋಡೋದರಲ್ಲೂ ಎಡವಿದ್ದೆ. ರಿಜಿಸ್ಟರ್‌ನಲ್ಲಿದ್ದ ಹೆಸರು ಕೂಗಿದರೆ ಯಾವ ಮಗು ತಿರುಗುತ್ತೆ? ಮನೆಯಲ್ಲಿ ಎಲ್ಲರೂ ಪುಟ್ಟ, ಚಿನ್ನು.

ಆರು ಸಾವಿರದ ಆಟಿಕೆ ಕಿಟ್ ಈಗ ಅಟ್ಟದ ಮೇಲಿದೆ. ಜಾತ್ರೆಯಲ್ಲಿ ಸಿಗೋ ಸೋಪಿನ ಗುಳ್ಳೆ ಡಬ್ಬಿ ಸಾಕು. ನಾಲ್ಕು ಸಲ ಊದಿ, ಮುಚ್ಚಳ ಬಿಗಿ ಮಾಡಿ ಮಗುವಿನ ಕೈಗೆ ಕೊಟ್ಟು ಸುಮ್ನೆ ಕೂತುಬಿಡಿ. ಡಬ್ಬಿ ವಾಪಸ್ ಕೊಟ್ಟು ನಿಮ್ಮ ಮುಖ ನೋಡುತ್ತಾ, ಇಲ್ಲಾ ಮುಖ ನೋಡದೆ ನಿಮ್ಮ ಕೈಯನ್ನೇ ಸ್ಪ್ಯಾನರ್ ಥರ ಬಳಸುತ್ತಾ, ನೋಡಬೇಕಾದ್ದು ಅಷ್ಟೇ. ಪೀಪಿ, ಬಲೂನು ಎಲ್ಲ ಪ್ರಯತ್ನಿಸಿದೆ. ಬಲೂನು ಒಡೆದು ಅರ್ಧ ದಿನ ಹಾಳಾಯಿತು.

ಎರಡು ವರ್ಷದಲ್ಲಿ 16ರಿಂದ 30 ತಿಂಗಳ ಮಕ್ಕಳು ನಾನೂರು ಚಿಲ್ಲರೆ ನೋಡಿರಬೇಕು. ಒಂಬತ್ತು ಮಕ್ಕಳನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆ. ಐವರಿಗೆ ಆಟಿಸಂ ಅಂತಾಯಿತು, ಚಿಕ್ಕದಕ್ಕೆ 22 ತಿಂಗಳು. ಒಂದಕ್ಕೆ ಬೇರಾ ಅನ್ನೋ ಕಿವಿ ಪರೀಕ್ಷೆ ಮಾಡಿದಾಗ ಕಿವುಡು ಅಂತ ಗೊತ್ತಾಯಿತು, ನನ್ನ ಲೆಕ್ಕದಲ್ಲಿ ಅದೂ ಗೆಲುವೇ.

ಕಷ್ಟ ಅಜ್ಜಿಯರದು. ‘ಅವರಪ್ಪನೂ ನಾಲ್ಕಕ್ಕೇ ಮಾತಾಡಿದ್ದು, ಬಜೆ ತೇದು ನಾಲಿಗೆಗೆ ಹಚ್ಚಿದ್ವಿ’ ಅಂತಾರೆ. ಅವರನ್ನು ಬಸ್ ಹತ್ತಿಸೋಕೆ ನನ್ನದೊಂದು ಉಪಾಯ ಇದೆ, ಇಲ್ಲಿ ಬರೆಯಲ್ಲ. ಜೊತೆಗೆ ಬನ್ನಿ, ತೋರಿಸ್ತೀನಿ. ಅಮಾವಾಸ್ಯೆ ವಾರ ಬೇಡ, ಚಂದಮಾಮನ ಬದಲು ಕಾಗೆ ತೋರಿಸಬೇಕಾಗುತ್ತೆ, ಅದು ನಿಲ್ಲಲ್ಲ.