ಸೆರಾಂಪುರದ ಪದವಿ: ಚರಿತ್ರೆ ಮತ್ತು ಆಡಳಿತವನ್ನು ಅರಿಯುವ ಬಗೆ

ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲೋ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೋ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಕ್ರೈಸ್ತ ದೇವಶಾಸ್ತ್ರದ ಪದವಿ) ಓದಿದವರ ಪದವಿಪತ್ರವನ್ನು ಕೈಗೆತ್ತಿಕೊಂಡರೆ, ಅದರ ಮೇಲೆ ಬಂಗಾಳದ ಸೆರಾಂಪುರದ ಹೆಸರಿರುತ್ತದೆ. ಇದರ ಮೂಲ ಹುಡುಕುವವರು ಕಟ್ಟಡದಿಂದಲ್ಲ, ಸನ್ನದಿನಿಂದ, ಅಂದರೆ ದೊರೆಯ ಅಧಿಕಾರಪತ್ರದಿಂದ ಆರಂಭಿಸಬೇಕು. ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಕೇರಿ, ಮಾರ್ಷ್‌ಮನ್ ಮತ್ತು ವಾರ್ಡ್ 1818ರಲ್ಲಿ ಕಾಲೇಜು ತೆರೆದಾಗ ಆ ಊರು ಡೆನ್ಮಾರ್ಕಿನ ವಶದಲ್ಲಿದ್ದುದರಿಂದ, 1827ರಲ್ಲಿ ಈ ಸನ್ನದಿನ ಮೂಲಕ ಪದವಿ ನೀಡುವ ಅಧಿಕಾರವನ್ನು ಕೊಟ್ಟವನು ಡೇನಿಷ್ ದೊರೆ ಆರನೆಯ ಫ್ರೆಡರಿಕ್. 1845ರಲ್ಲಿ ಊರು ಬ್ರಿಟಿಷರಿಗೆ ಮಾರಾಟವಾದರೂ ಒಪ್ಪಂದವು ಸನ್ನದನ್ನು ಉಳಿಸಿಕೊಂಡಿತು.

ಆಡಳಿತವನ್ನು ತಿಳಿಯಲು ಬಂಗಾಳದ 1918ರ ಸೆರಾಂಪುರ ಕಾಲೇಜು ಕಾಯ್ದೆಯನ್ನು ಸನ್ನದಿನ ಪಕ್ಕದಲ್ಲಿಟ್ಟು ಓದಿರಿ. ಪದವಿ ನೀಡುವ ಅಧಿಕಾರವಿರುವುದು ಕಾಲೇಜಿನ ಆಡಳಿತ ಮಂಡಳಿಯಾದ ಕೌನ್ಸಿಲಿಗೆ. ಪಠ್ಯಕ್ರಮ, ಪರೀಕ್ಷೆ, ಸಂಯೋಜಿತ ದೇವಶಾಸ್ತ್ರ ಕಾಲೇಜುಗಳ ಮಟ್ಟ ಇವುಗಳನ್ನು ನೋಡಿಕೊಳ್ಳುವುದು ವಿದ್ಯಾಮಂಡಳಿಯಾದ ಸೆನೆಟ್. ಹಲವರು ಎಡವುವುದು ಇಲ್ಲಿಯೇ: ಅದೇ ಆವರಣದ ಕಲಾ, ವಿಜ್ಞಾನ ವಿಭಾಗಗಳು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ, ಒಬ್ಬರ ಪದವಿ ಯಾವುದೆಂದು ಹೇಳುವ ಮುನ್ನ ವಿಷಯವನ್ನು ಕೇಳಿಕೊಳ್ಳಬೇಕು.