ನೆಲ ಒಣಗುವ ತನಕ ಬಾಗಿಲು ತರಿಸಬೇಡಿ

ನಮ್ಮ ಮನೆ ರಿಪೇರಿ ಶುರುವಾಗಿ ಎರಡೂವರೆ ತಿಂಗಳಾಯಿತು. ಹಜಾರದ ತುಂಬ ಕಲ್ಲು, ಅಡುಗೆ ಹಿತ್ತಲ ವರಾಂಡದಲ್ಲಿ, ಸಾರಿಗೂ ಸಿಮೆಂಟ್ ಧೂಳು. ಯುಗಾದಿಯೊಳಗೆ ಮುಗಿಸಲೇಬೇಕು ಅಂತ ಮಗನ ಹಟ. "ಅಮ್ಮ, ಈ ಕಡೆ ಕಲ್ಲಿನವರು ಹಾಕ್ತಿರಲಿ, ಆ ಕಡೆ ಆಚಾರ್ರು ಬಾಗಿಲು ಕೂರಿಸಲಿ, ಎರಡೂ ಒಟ್ಟಿಗೆ ಆಗುತ್ತಲ್ವಾ" ಅಂದ. ಸುತರಾಂ ಬೇಡ ಅಂದೆ. ಮೈಸೂರಿನ ಈ ಮನೆಯ ಎರಡು ರಿಪೇರಿಗಳನ್ನು ಪಕ್ಕದಲ್ಲೇ ನಿಂತು ಮಾಡಿಸಿದವಳು ನಾನು.

ನನ್ನ ತಮ್ಮ ಹೀಗೇ ಅವಸರ ಮಾಡಿದ. ಮೊದಲು ಬಾಗಿಲು ಕೂರಿಸಿ, ಆಮೇಲೆ ಹಳೆಯ ನೆಲದ ಮೇಲೇ ಗ್ರಾನೈಟ್ ಹಾಕಿಸಿದ. ಕಲ್ಲು 18 ಮಿ.ಮೀ., ಅದರ ಕೆಳಗೆ ಒಂದೂಕಾಲು ಇಂಚು ಗಾರೆ. ನೆಲ ಹತ್ತಿರ ಹತ್ತಿರ ಎರಡು ಇಂಚು ಮೇಲೆ ಬಂತು. ಬಾಗಿಲು ತೆರೆಯಲೇ ಇಲ್ಲ. ಒಳ್ಳೆ ತೇಗದ ಬಾಗಿಲನ್ನು ಬುಡದಲ್ಲಿ ಕತ್ತರಿಸಬೇಕಾಯಿತು. ಕೆಳಗಿನ ಅಡ್ಡಪಟ್ಟಿ ಅರ್ಧಕ್ಕರ್ಧ ಹೋಗಿ, ಇವತ್ತಿಗೂ ಗಿಡ್ಡ ಪ್ಯಾಂಟು ಹಾಕಿಕೊಂಡ ಹುಡುಗನ ಹಾಗೆ ಕಾಣುತ್ತೆ.

ಅಳತೆ ತಪ್ಪಿದ್ದು ಕಣ್ಣಿಗಾದರೂ ಕಾಣುತ್ತೆ, ತೇವ ಕಾಣುವುದಿಲ್ಲ. ಕಲ್ಲಿನ ಕೆಳಗಿನ ಗಾರೆಯಿಂದ ಪಸೆ ವಾರಗಟ್ಟಲೆ ಮೇಲೆ ಬರುತ್ತಲೇ ಇರುತ್ತೆ. ಆ ಕೋಣೆಯಲ್ಲಿ ಹೊಸ ಮರ ಇಟ್ಟರೆ ಅದು ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಸೀಳು ಬಿಡುತ್ತೆ. ಒಣಗಿದೆಯಾ ಅಂತ ನೋಡಲು ನಾನು ಮಾಡುವುದು ಇಷ್ಟೇ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಎರಡು ಕಲ್ಲಿನ ಸಂದು ನಡುವೆ ಬರುವ ಹಾಗೆ ಹಾಸಿ, ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಬಿಡುತ್ತೇನೆ. ಮಾರನೆ ದಿನ ಎತ್ತಿದಾಗ ಒಳಗೆ ಬೆವರಿನ ಹಾಗೆ ಹನಿ ಕಂಡರೆ, ಅಥವಾ ಅಡಿಯ ಕಲ್ಲು ಕಪ್ಪಾಗಿದ್ದರೆ, ಇನ್ನೂ ಹಸಿ. ಕಾಸಿಲ್ಲದ ಪರೀಕ್ಷೆ.

ಹಳೆಯ ಚಪ್ಪಡಿ ಎತ್ತಿಸುವವರು ಒಂದು ಮಾತು ಕೇಳಿ. ಒಂದರ ಮೇಲೊಂದು ಅಡ್ಡ ಪೇರಿಸಬೇಡಿ, ಭಾರಕ್ಕೆ ಅಡಿಯದು ಬಿರುಕು ಬಿಡುತ್ತೆ. ಗೋಡೆಗೆ ಒರಗಿಸಿ ನಿಲ್ಲಿಸಿ, ಹಿಂಬದಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯಿರಿ. ಹೊಸದಾಗಿ ಹಾಕಿದ ಕಲ್ಲನ್ನು ನಾಣ್ಯದಿಂದ ಕುಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಹಿಡಿದಿಲ್ಲ. ಮೇಸ್ತ್ರಿ ಇನ್ನೂ ಮನೆಯಲ್ಲಿರುವಾಗಲೇ ತೋರಿಸಿ, ದುಡ್ಡು ಕೊಟ್ಟ ಮೇಲೆ ಯಾರೂ ಬರುವುದಿಲ್ಲ.

ಆ್ಯಸಿಡ್ ವಿಷಯ ನನಗೆ ಹೊಟ್ಟೆ ಉರಿಸಿದ್ದು. ಹಿಂದಿನ ರಿಪೇರಿಯಲ್ಲಿ ಒಬ್ಬ ಕೆಲಸಗಾರ ಸಿಮೆಂಟ್ ಕಲೆ ತೆಗೆಯುತ್ತೇನೆ ಅಂತ ಬಕೆಟ್‌ನಲ್ಲಿ ಆ್ಯಸಿಡ್ ಕಲಸಿ ಕಡಪ ಕಲ್ಲಿನ ಮೇಲೆ ಸುರಿದ. ಬುಸ್ ಅಂತ ನೊರೆ ಬಂತು. ಕನ್ನಡಿಯ ಹಾಗಿದ್ದ ಕಪ್ಪು ಕಲ್ಲು ಬೂದಿ ಬಳಿದ ಹಾಗಾಯಿತು. ಆಂಧ್ರದ ಕಡಪ ಕಲ್ಲು, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಎರಡೂ ಸುಣ್ಣದ ಕಲ್ಲು. ಹುಳಿ ಅವಕ್ಕೆ ಆಗಿಬರುವುದಿಲ್ಲ. ಕಡಪ ಕಟ್ಟೆಯ ಮೇಲೆ ಹುಣಸೆಹಣ್ಣು ಹಾಕಿ ತಾಮ್ರದ ಬಿಂದಿಗೆ ತಿಕ್ಕಬೇಡಿ. ನಿಂಬೆ ಉಪ್ಪಿನಕಾಯಿ ಜಾಡಿಯ ಕೆಳಗೆ ತಟ್ಟೆ ಇಡಿ, ಇಲ್ಲದಿದ್ದರೆ ಜಾಡಿಯ ಗುಂಡಗಿನ ಗುರುತು ಅಲ್ಲೇ ಉಳಿಯುತ್ತೆ. ಸಾದರಹಳ್ಳಿ ಕಲ್ಲಿಗೆ ಇಷ್ಟು ನಾಜೂಕು ಬೇಕಿಲ್ಲ, ಅದು ಗ್ರಾನೈಟ್. ಯಾವ ಕಲ್ಲು ಅಂತ ಅನುಮಾನ ಬಂದರೆ ಒಂದು ಚೂರಿನ ಮೇಲೆ ನಿಂಬೆರಸ ಹಿಂಡಿ, ಅರ್ಧ ಗಂಟೆ ಬಿಟ್ಟು ಒರೆಸಿ. ಹೊಳಪು ಹೋಗಿದ್ದರೆ ಸುಣ್ಣದ ಕಲ್ಲೇ.

ಇನ್ನು ಮರದ ಕೆಲಸ. ಬಾಗಿಲು ಬಂದ ದಿನವೇ ಕೂರಿಸಬೇಡಿ. ಅದೇ ಕೋಣೆಯಲ್ಲಿ ಕೆಳಗೆ ಮರದ ಪಟ್ಟಿ ಕೊಟ್ಟು ಒಂದೆರಡು ವಾರ ಮಲಗಿಸಿ, ಮನೆಯ ಗಾಳಿ ಕುಡಿಯಲಿ. ಚೌಕಟ್ಟಿಗೂ ಬಾಗಿಲಿಗೂ ನಡುವೆ ಎರಡು ನಾಣ್ಯ ಜೋಡಿಸಿ ತೂರಿಸುವಷ್ಟು ಸಂದು ಇರಲಿ. ಬೇಸಿಗೆಯಲ್ಲಿ ಅದು ಜಾಸ್ತಿ ಅನಿಸುತ್ತೆ, ಆಷಾಢದಲ್ಲಿ ಗೊತ್ತಾಗುತ್ತೆ. ಮಳೆಗಾಲಕ್ಕೆ ಬಾಗಿಲು ಬಿಗಿಯಾಯಿತು ಅಂತ ತಕ್ಷಣ ಉಜ್ಜುಗೊರಡು ಹಿಡಿಯಬೇಡಿ. ದೀಪಾವಳಿ ಕಳೆದ ಮೇಲೆ ನೋಡಿ, ಎಷ್ಟೋ ಸಲ ತಾನೇ ಸಡಿಲವಾಗಿರುತ್ತೆ.

ಪಾಲಿಶ್ ಮಾಡುವವರು ಎದುರಿಗೆ ಕಾಣುವ ಎರಡು ಮುಖ ಹೊಳೆಯಿಸಿ ಹೊರಟುಬಿಡುತ್ತಾರೆ. ಬಾಗಿಲಿನ ತಲೆ ಮತ್ತು ಬುಡ ಬಳಿಯದೆ ಹಾಗೇ ಬಿಡುತ್ತಾರೆ. ಮರ ನೀರು ಕುಡಿಯುವುದು ಅಲ್ಲಿಂದಲೇ. ಕೂರಿಸುವ ಮೊದಲೇ ಅವೆರಡಕ್ಕೂ ಬಳಿಸಿ. ನಾನು ಪುಟ್ಟ ಕನ್ನಡಿ ಹಿಡಿದು ಬುಡ ನೋಡುತ್ತೇನೆ, ಆಚಾರ್ರು ನಗುತ್ತಾರೆ, ನಗಲಿ. ಅಗಸೆ ಎಣ್ಣೆ ಬಳಸಿದರೆ ಆ ಬಟ್ಟೆ ಚೂರುಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಕಲ್ಲಿನ ಮೇಲೆ ಬಿಡಿಸಿ ಹರಡಿ ಒಣಗಿಸಿ.

ಇವತ್ತು ಬೆಳಿಗ್ಗೆ ಹಜಾರದ ಪ್ಲಾಸ್ಟಿಕ್ ಎತ್ತಿ ನೋಡಿದೆ. ಸಂದಿನ ಉದ್ದಕ್ಕೂ ಸಣ್ಣ ಹನಿ ಇನ್ನೂ ಇತ್ತು. ಮಗನನ್ನು ಕರೆದು ತೋರಿಸಿದೆ, ಬೆರಳಲ್ಲಿ ಒರೆಸಿ ನೋಡಿ ಸುಮ್ಮನಾದ. ಇನ್ನೊಂದು ವಾರ ಬಿಟ್ಟು ಬನ್ನಿ ಅಂತ ಆಚಾರ್ರಿಗೆ ಫೋನ್ ಮಾಡಿದ್ದಾನೆ.